ಡೈವ್ ಬಾವುಟದ ಕಾನೂನು, ಪೊಲೀಸರ ವಿವೇಚನೆ: ಫ್ಲೋರಿಡಾದ ಕಡಲಿಗೆ ಇಳಿಯುವ ಮೊದಲು ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಲೋರಿಡಾಕ್ಕೆ ರಜೆಗೆ ಬರುವವರು, ಇಲ್ಲೇ ನೆಲೆಸಿ ವಾರಾಂತ್ಯಕ್ಕೆ ಬೋಟು ಬಾಡಿಗೆಗೆ ತೆಗೆದುಕೊಳ್ಳುವವರು, ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಮೊದಲ ಡೈವ್ ಮಾಡಿ ಕಡಲಿನ ಹುಚ್ಚು ಹಿಡಿಸಿಕೊಂಡವರು. ಇವರೆಲ್ಲ ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇಲ್ಲಿ ಮುಖ್ಯವಾಗಿ ಬರುವುದು, ನೀರಿನಲ್ಲಿ ಡೈವರ್ ಇದ್ದಾಗ ಎಚ್ಚರಿಕೆಯ ಬಾವುಟ ತೋರಿಸಬೇಕು ಎನ್ನುವ ಫ್ಲೋರಿಡಾ ಕಾಯ್ದೆಯ 327.331ನೇ ಸೆಕ್ಷನ್. ನಿಮ್ಮ ಮೇಲೆ ಕೇಸೇನಾದರೂ ಇದ್ದರೆ ಇದನ್ನು ಓದಿ ಸುಮ್ಮನಾಗಬೇಡಿ, ವಕೀಲರನ್ನು ಕಾಣಿ.

## ಶುರುವಿನ ಪ್ರಶ್ನೆಗಳು

ಡೈವ್ ಬಾವುಟ ಅಂದ್ರೆ ಯಾವುದು? ಎರಡು ಥರದ್ದು ನೋಡಿದ್ದೀನಿ, ಯಾವುದು ಸರಿ?

ಎರಡೂ ಸರಿ. ಆದರೆ ಎರಡರ ಕೆಲಸ ಬೇರೆ ಬೇರೆ.

ಕೆಂಪು ಬಟ್ಟೆಯ ಮೇಲೆ ಮೂಲೆಯಿಂದ ಮೂಲೆಗೆ ಬಿಳಿ ಪಟ್ಟೆ ಇರುವುದು ಅಮೆರಿಕದಲ್ಲಿ ಹುಟ್ಟಿದ ಬಾವುಟ. 1956ರ ಸುಮಾರಿಗೆ ಮಿಷಿಗನ್‌ನ ಡೆನ್ಜೆಲ್ ಡಾಕೆರಿ ಎಂಬ ಮಾಜಿ ನೌಕಾಪಡೆಯವರು ಇದನ್ನು ರೂಪಿಸಿದರು. ಡೈವರ್‌ಗಳೇ ತಮ್ಮ ಜೀವ ಉಳಿಸಿಕೊಳ್ಳಲು ಮಾಡಿಕೊಂಡ ಗುರುತು ಇದು. ಕಾನೂನು ಅದರ ಹಿಂದೆ ಬಂತು.

ಬಿಳಿ ಮತ್ತು ನೀಲಿ ಬಣ್ಣದ, ಹಾರುವ ತುದಿಯಲ್ಲಿ ಹಕ್ಕಿಯ ಬಾಲದಂತೆ ಸೀಳಿರುವ ಬಾವುಟ ಅಂತರರಾಷ್ಟ್ರೀಯ ಸಂಕೇತಗಳಲ್ಲಿ 'ಎ' ಅಕ್ಷರದ್ದು. ಆಲ್ಫಾ ಅಂತ ಕರೆಯುತ್ತಾರೆ. 'ನನ್ನ ಡೈವರ್ ನೀರಿನ ಕೆಳಗಿದ್ದಾನೆ, ದೂರದಿಂದ, ನಿಧಾನವಾಗಿ ಹೋಗಿ' ಎಂದು ಅದರ ಅರ್ಥ. ಹಡಗುಗಳ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿ ಇದಕ್ಕೆ ಜಾಗ ಇದೆ.

ಆಲ್ಫಾ ಬೋಟಿನ ಬಗ್ಗೆ ಹೇಳುತ್ತದೆ: ಈ ಬೋಟು ಕೆಳಗಿರುವ ಡೈವರ್‌ಗೆ ಕಟ್ಟುಬಿದ್ದಿದೆ, ಬೇಕಾದ ಹಾಗೆ ತಿರುಗಿಸಿ ದಾರಿ ಬಿಡಲು ಆಗುವುದಿಲ್ಲ. ಕೆಂಪು ಬಾವುಟ ಮನುಷ್ಯರ ಬಗ್ಗೆ ಹೇಳುತ್ತದೆ: ಇಲ್ಲಿ ನೀರಿನಲ್ಲಿ ಜನ ಇದ್ದಾರೆ. ಫ್ಲೋರಿಡಾ ಕಾಯ್ದೆ ಕೇಳುವುದು ಕೆಂಪು ಬಾವುಟವನ್ನು. ಬರೀ ಆಲ್ಫಾ ಹಾರಿಸಿದರೆ ಸಾಲದು. ಡೈವ್ ಬೋಟುಗಳು ಎರಡನ್ನೂ ಹಾರಿಸುವುದನ್ನು ನೀವು ನೋಡಿರಬಹುದು. ಅದೇ ಒಳ್ಳೆಯ ರೂಢಿ.

ನಾನು ಡೈವರ್ ಅಲ್ಲ, ಉಸಿರಾಡೋ ಕೊಳವೆ, ಅದೇ ಸ್ನಾರ್ಕೆಲ್, ಹಾಕ್ಕೊಂಡು ತೇಲೋದು ಅಷ್ಟೆ. ನನಗೂ ಬೇಕಾ?

ಬೇಕು. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದೇ. ಪೂರ್ತಿಯಾಗಿಯೋ ಅರ್ಧವೋ ನೀರಿನಲ್ಲಿದ್ದು, ಮುಖಕ್ಕೆ ಮಾಸ್ಕ್ ಮತ್ತು ಸ್ನಾರ್ಕೆಲ್ ಹಾಕಿಕೊಂಡವರೆಲ್ಲ ಕಾಯ್ದೆಯ ಲೆಕ್ಕದಲ್ಲಿ ಡೈವರ್‌ಗಳೇ. ಬೆನ್ನಿಗೆ ಸಿಲಿಂಡರ್ ಇರಲೇಬೇಕು ಅಂತಿಲ್ಲ. ಹತ್ತು ವರ್ಷದ ಮಗು ಮಾಸ್ಕ್ ಹಾಕಿಕೊಂಡು ಮೀನು ನೋಡುತ್ತಿದ್ದರೂ ಅಷ್ಟೆ.

ಬರೀ ಈಜಾಟಕ್ಕೇ ಬಳಕೆಯಾಗುವ ಜಾಗದಲ್ಲಿ ಮಾತ್ರ ವಿನಾಯಿತಿ. ಬೀಚಿನಲ್ಲಿ ಹಗ್ಗ ಕಟ್ಟಿ ಬೋಟು ಬರದಂತೆ ಮಾಡಿರುತ್ತಾರಲ್ಲ, ಅಂಥ ಜಾಗ. ಆ ಹಗ್ಗ ದಾಟಿ ಹವಳದ ದಿಬ್ಬದ ಕಡೆ ಹೋದಿರೋ, ಬಾವುಟ ಬೇಕು.

ಅಂಗಡೀಲಿ ಸಿಗೋ ಸಣ್ಣ ಬಾವುಟ ಸಾಕಾಗಲ್ವಾ?

ಎಲ್ಲಿ ಹಾರಿಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ನೀರಿನ ಮೇಲೆ ಎಳೆದುಕೊಂಡು ಹೋಗುವ ತೇಲುಬುರುಡೆಗಾದರೆ ಕನಿಷ್ಠ 12 ಇಂಚು ಉದ್ದ, 12 ಇಂಚು ಅಗಲ. ಬೋಟಿನ ಮೇಲಾದರೆ ಕನಿಷ್ಠ 20ಕ್ಕೆ 24 ಇಂಚು. ಬೋಟಿನ ತುತ್ತತುದಿಯಲ್ಲಿ, ಇಲ್ಲವೇ ಯಾವ ದಿಕ್ಕಿನಿಂದ ನೋಡಿದರೂ ಮರೆಯಾಗದ ಜಾಗದಲ್ಲಿ ಕಟ್ಟಿರಬೇಕು.

ಜನ ಮರೆಯುವ ಇನ್ನೊಂದು ಷರತ್ತಿದೆ. ಬಾವುಟ ಬಿಚ್ಚಿಕೊಂಡೇ ನಿಲ್ಲುವಂತೆ ಅದರೊಳಗೆ ತಂತಿ ಅಥವಾ ಕಡ್ಡಿ ಇರಬೇಕು. ಜುಲೈ ತಿಂಗಳ ಬೆಳಗಿನ ಜಾವ ಕೀಸ್ ದ್ವೀಪಗಳ ಹತ್ತಿರ ಗಾಳಿ ಬಿದ್ದುಹೋಗಿ ನೀರು ಕನ್ನಡಿಯಂತೆ ಇರುತ್ತದೆ. ತಂತಿ ಇಲ್ಲದ ಬಾವುಟ ಆಗ ಕೋಲಿಗೆ ಅಂಟಿಕೊಂಡು ಜೋತು ಬೀಳುತ್ತದೆ. ನೂರು ಅಡಿ ದೂರದಿಂದ ಅದು ಒಣಗಲು ಹಾಕಿದ ಟವೆಲ್ಲೋ ಬಾವುಟವೋ ಗೊತ್ತಾಗುವುದಿಲ್ಲ. ಕೊಳ್ಳುವಾಗ ಮೇಲಂಚನ್ನು ಬೆರಳಲ್ಲಿ ಒತ್ತಿ ನೋಡಿ, ಒಳಗೆ ಗಟ್ಟಿಯಾಗಿ ತಂತಿ ಸಿಗಬೇಕು.

2014ರ ಜುಲೈನಿಂದ ಬಾವುಟದ ಬದಲು ಮೂರು ಅಥವಾ ನಾಲ್ಕು ಮುಖದ ಬೂಯಿಯನ್ನೂ, ಅಂದರೆ ತೇಲುವ ಗುರುತನ್ನೂ, ಒಪ್ಪುತ್ತಾರೆ. ಪ್ರತಿ ಮುಖದ ಮೇಲೂ ಬಾವುಟದ ಚಿತ್ರ ಇರಬೇಕು. ಅದು ನೀರಿನ ಮೇಲೇ ತೇಲಬೇಕು, ಬೋಟಿನ ಮೇಲಿಟ್ಟರೆ ಲೆಕ್ಕಕ್ಕಿಲ್ಲ.

ಕಿತ್ತಳೆ ಬಣ್ಣದ ಉದ್ದ ಟ್ಯೂಬ್ ಇದೆಯಲ್ಲ, ಅದನ್ನೇ ಬಿಟ್ರೆ ಆಗಲ್ವಾ?

ಆ ಟ್ಯೂಬು ನಿಮ್ಮ ಸ್ವಂತ ಬೋಟಿನವರಿಗೆ ನೀವೆಲ್ಲಿ ಮೇಲೆ ಬರುತ್ತಿದ್ದೀರಿ ಅಂತ ತೋರಿಸಲು. ಕಾಯ್ದೆ ಹೇಳುವ ಬಾವುಟವೂ ಅದಲ್ಲ, ಬೂಯಿಯೂ ಅದಲ್ಲ. ಎರಡನ್ನೂ ಇಟ್ಟುಕೊಳ್ಳಿ.

ಬಾವುಟದಿಂದ ಎಷ್ಟು ದೂರ ಹೋಗಬಹುದು?

ತೆರೆದ ನೀರಿನಲ್ಲಿ 300 ಅಡಿ, ಅಂದರೆ ಸುಮಾರು 91 ಮೀಟರ್. ನದಿ, ಅಳಿವೆ, ಹಡಗು ಓಡಾಡುವ ಕಾಲುವೆಗಳಲ್ಲಿ 100 ಅಡಿ. ಅಷ್ಟರೊಳಗೆ ಇರಲು ನೀವು ತಕ್ಕಷ್ಟು ಪ್ರಯತ್ನ ಮಾಡಬೇಕು ಅನ್ನುತ್ತದೆ ಕಾಯ್ದೆ. ಸೆಳೆತಕ್ಕೆ ಸಿಕ್ಕಿ ಸ್ವಲ್ಪ ಆಚೆ ಹೋದ ಮಾತ್ರಕ್ಕೆ ತಪ್ಪಿತಸ್ಥರಾಗುವುದಿಲ್ಲ. ಬಾವುಟ ಬೋಟಿನಲ್ಲೇ ಬಿಟ್ಟು ಅರ್ಧ ಮೈಲಿ ಈಜಿಕೊಂಡು ಹೋದರೆ ಮಾತ್ರ ಯಾವ ಪ್ರಯತ್ನವೂ ಕಾಣುವುದಿಲ್ಲ.

ಪಾಮ್ ಬೀಚ್ ಕಡೆ ಗಲ್ಫ್ ಸ್ಟ್ರೀಮ್ ಪ್ರವಾಹದ ಜೊತೆ ತೇಲುತ್ತಾ ಡೈವ್ ಮಾಡುತ್ತಾರೆ. ಅಲ್ಲಿ ಒಬ್ಬರು ದಾರಕ್ಕೆ ಕಟ್ಟಿದ ಬಾವುಟವನ್ನು ಎಳೆದುಕೊಂಡೇ ಹೋಗುತ್ತಾರೆ, ಬೋಟು ಹಿಂದೆ ಬರುತ್ತದೆ. ಸೆಳೆತ ಇರುವಲ್ಲಿ ಇದೇ ದಾರಿ.

ದಿನವಿಡೀ ಬಾವುಟ ಹಾರಾಡ್ತಿದ್ರೆ ಇನ್ನೂ ಒಳ್ಳೇದಲ್ವಾ?

ಅಲ್ಲ, ತಪ್ಪು. ಎಲ್ಲರೂ ಬೋಟಿಗೋ ದಡಕ್ಕೋ ಬಂದ ಮೇಲೆ ಇಳಿಸಲೇಬೇಕು. ನೀರಿನಲ್ಲಿ ಯಾರೂ ಇಲ್ಲದೆ ಬಾವುಟ ಹಾರಿಸಿಕೊಂಡು ಬೋಟು ಓಡಿಸುವುದು ಕಾಯ್ದೆಗೆ ವಿರುದ್ಧ. ಡೈವ್ ಮುಗಿಸಿ ಗಂಟೆಗೆ ಮೂವತ್ತು ಮೈಲಿ ವೇಗದಲ್ಲಿ ವಾಪಸ್ ಬರುವ ಬೋಟಿನ ಮೇಲೆ ಕೆಂಪು ಬಾವುಟ ಪಟಪಟ ಅನ್ನುತ್ತಿರುತ್ತದೆ. ನೋಡಿದ ಹತ್ತು ಬೋಟಿನವರು 'ಓ, ಇದು ಸುಮ್ನೆ ಅಲಂಕಾರಕ್ಕೆ' ಅಂದುಕೊಳ್ಳುತ್ತಾರೆ. ಹನ್ನೊಂದನೆಯದು ನಿಜವಾದ ಬಾವುಟವಾಗಿದ್ದರೆ?

## ಬೋಟು ಓಡಿಸುವವರಿಗೆ

ಬಾವುಟ ಕಂಡ್ರೆ ಅಲ್ಲಿಗೆ ಹೋಗಲೇಬಾರದಾ?

ಹೋಗಬಹುದು, ನಿಧಾನವಾಗಿ. ತೆರೆದ ನೀರಿನಲ್ಲಿ 300 ಅಡಿ, ಕಾಲುವೆ ನದಿಗಳಲ್ಲಿ 100 ಅಡಿ ದೂರ ಇರಲು ನೀವೂ ಪ್ರಯತ್ನಿಸಬೇಕು. ಅದಕ್ಕಿಂತ ಹತ್ತಿರ ಹೋಗುವುದೇ ಆದರೆ, ಬೋಟು ಮುಂದೆ ಸಾಗಿ ಸ್ಟೀರಿಂಗ್ ಮಾತು ಕೇಳುವುದಕ್ಕೆ ಬೇಕಾದಷ್ಟೇ ವೇಗ. ಪೊಲೀಸ್ ಮತ್ತು ರಕ್ಷಣಾ ಬೋಟುಗಳಿಗೆ ಮಾತ್ರ ಇದರಿಂದ ವಿನಾಯಿತಿ.

ಈ 300 ಅಡಿ ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡಿ. 30 ನಾಟ್ ವೇಗದ ಬೋಟು ಸೆಕೆಂಡಿಗೆ 15 ಮೀಟರ್‌ಗಿಂತ ಜಾಸ್ತಿ ಹೋಗುತ್ತದೆ. 91 ಮೀಟರ್ ದಾಟಲು ಅದಕ್ಕೆ ಆರೇ ಸೆಕೆಂಡು. ಅಷ್ಟು ದೂರದಿಂದ 12 ಇಂಚಿನ ಬಾವುಟ ಕಾಣುವುದು, ಮೂರು ಮೀಟರ್ ಆಚೆ ಹಿಡಿದ ಒಂದು ಸೆಂಟಿಮೀಟರ್ ಕಾಗದದ ಚೂರಿನಷ್ಟು. ಬಿಸಿಲು ಎದುರಿಗಿದ್ದು ಸಣ್ಣ ಅಲೆಗಳೂ ಇದ್ದರೆ ಅದೂ ಇಲ್ಲ. ಹವಳದ ದಿಬ್ಬದ ಹತ್ತಿರ ಬಂದಾಗ ಒಬ್ಬರನ್ನು ಬೋಟಿನ ಮುಂದೆ ನಿಲ್ಲಿಸಿ, ಬಾವುಟ ಹುಡುಕುವುದಷ್ಟೇ ಅವರ ಕೆಲಸ ಅಂತ ಹೇಳಿ.

ಇನ್ನೊಂದು ಕಡೆಯೂ ಇದೆ. ಡೈವರ್‌ಗಳು ನಡು ಕಾಲುವೆಯಲ್ಲಿ ಬಾವುಟ ನೆಟ್ಟು ಹಡಗುಗಳ ದಾರಿಗೆ ಅಪಾಯ ಆಗುವಂತೆ ಮಾಡುವ ಹಾಗಿಲ್ಲ.

ಡೈವರ್‌ಗೆ ಬೋಟಿನ ಸದ್ದು ಕೇಳಿಸಲ್ವಾ? ಅವರೇ ಪಕ್ಕಕ್ಕೆ ಹೋಗಬಹುದಲ್ಲ?

ಕೇಳಿಸುತ್ತದೆ, ಚೆನ್ನಾಗಿಯೇ ಕೇಳಿಸುತ್ತದೆ. ಎಲ್ಲಿಂದ ಬರುತ್ತಿದೆ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ನೀರಿನಲ್ಲಿ ಸುಮಾರು 1,500 ಮೀಟರ್ ಹೋಗುತ್ತದೆ. ಒಂದು ಕಿವಿಗೂ ಇನ್ನೊಂದಕ್ಕೂ ಸದ್ದು ತಲುಪುವ ಸಮಯದ ವ್ಯತ್ಯಾಸದಿಂದ ನಮ್ಮ ಮೆದುಳು ದಿಕ್ಕು ಕಂಡುಹಿಡಿಯುತ್ತದೆ. ನೀರಿನ ಕೆಳಗೆ ಆ ವ್ಯತ್ಯಾಸ ತೀರಾ ಸಣ್ಣದಾಗಿಬಿಡುತ್ತದೆ. ತಲೆಯ ಸುತ್ತ ಎಲ್ಲ ಕಡೆಯಿಂದಲೂ 'ಜ್ಞೀ' ಅನ್ನುವ ಸದ್ದು. ಬೋಟು ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ, ನೆತ್ತಿಯ ಮೇಲೇ ಇದೆಯೋ, ತಿಳಿಯುವುದಿಲ್ಲ.

ಡೈವರ್ ಬೇಕಾದಾಗ ಬೇಕಾದಷ್ಟು ಹೊತ್ತು ಕೆಳಗೇ ಇರಲೂ ಆಗುವುದಿಲ್ಲ. ಸಿಲಿಂಡರ್‌ನಲ್ಲಿ ಗಾಳಿ ಮುಗಿಯುತ್ತಾ ಬರುತ್ತದೆ. ಮೇಲೆ ಬರುವ ದಾರಿಯಲ್ಲಿ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವುದು ರೂಢಿ. ಅಲ್ಲಿಂದ ಮೇಲಿನ ಆ ಕೊನೆಯ ಐದು ಮೀಟರ್ ಪೂರ್ತಿ ಇನ್ನೊಬ್ಬರ ಕೈಯಲ್ಲಿದೆ.

ಬಾಡಿಗೆ ಬೋಟಿನಲ್ಲಿದ್ವಿ. ಟಿಕೆಟ್, ಅಂದ್ರೆ ದಂಡದ ಚೀಟಿ, ಬಂದ್ರೆ ಯಾರಿಗೆ?

ಬಾವುಟ ಇಲ್ಲದೆ ನೀರಿಗಿಳಿದರೆ ಇಳಿದವರಿಗೆ. ಬಾವುಟದ ಹತ್ತಿರ ಜೋರಾಗಿ ಓಡಿಸಿದರೆ ಸ್ಟೀರಿಂಗ್ ಹಿಡಿದವರಿಗೆ. 'ಬೋಟು ನಂದಲ್ಲ, ಬಾವುಟ ಅವರೇ ಕೊಡಬೇಕಿತ್ತು' ಅನ್ನುವುದು ನಡೆಯುವುದಿಲ್ಲ. ಬಾಡಿಗೆಗೆ ಕೊಡುವವರು ಮೊದಲು ಪಾಠ ಹೇಳಿಕೊಡಬೇಕು ಅಂತ ಕಾನೂನಿದೆ. ಆಗಲೇ 'ಬಾವುಟ ಎಲ್ಲಿದೆ, ಕಡ್ಡಿ ಇದೆಯಾ' ಅಂತ ಕೇಳಿಬಿಡಿ. 1988ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು 10 ಎಚ್‌ಪಿ ಅಥವಾ ಅದಕ್ಕಿಂತ ಜಾಸ್ತಿಯ ಎಂಜಿನ್ ಓಡಿಸಲು ಬೋಟಿಂಗ್ ಸುರಕ್ಷತೆಯ ಕಾರ್ಡೋ ತಾತ್ಕಾಲಿಕ ಪ್ರಮಾಣಪತ್ರವೋ ಬೇಕು. ನಮ್ಮ ಹುಡುಗರಲ್ಲಿ ಬಹಳ ಮಂದಿ ಈ ವಯಸ್ಸಿನವರೇ.

## ಪೊಲೀಸರು ಮತ್ತು ಅವರ ವಿವೇಚನೆ

ಕಡಲಲ್ಲಿ ಇದನ್ನೆಲ್ಲ ನೋಡೋರು ಯಾರು?

ಫ್ಲೋರಿಡಾದ ಮೀನು ಮತ್ತು ವನ್ಯಜೀವಿ ಆಯೋಗದ ಅಧಿಕಾರಿಗಳು ಮುಖ್ಯವಾಗಿ. ಎಫ್‌ಡಬ್ಲ್ಯುಸಿ ಅಂತ ಬೋಟಿನ ಮೇಲೆ ಬರೆದಿರುತ್ತದೆ. 'ಮೀನಿನ ಇಲಾಖೆಯವರು ತಾನೆ' ಅಂತ ಹಗುರವಾಗಿ ಕಾಣಬೇಡಿ, ಅವರು ಪೂರ್ತಿ ಪೊಲೀಸ್ ಅಧಿಕಾರ ಇರುವವರು. ಕೌಂಟಿಯ ಶೆರೀಫ್, ನಗರ ಪೊಲೀಸರೂ ಟಿಕೆಟ್ ಕೊಡಬಹುದು. ಕೋಸ್ಟ್ ಗಾರ್ಡ್ ಕೇಂದ್ರ ಸರ್ಕಾರದ್ದು, ಅವರ ಅಧಿಕಾರ ಬೇರೆ.

ಸುಮ್ನೆ ಬೋಟು ನಿಲ್ಲಿಸಿ ತಪಾಸಣೆ ಮಾಡಬಹುದಾ?

ಈಗ ರಾಜ್ಯದ ಅಧಿಕಾರಿಗಳಿಗೆ ಅದು ಸುಲಭವಿಲ್ಲ. 2025ರ ಜುಲೈ 1ರಿಂದ ಫ್ಲೋರಿಡಾದಲ್ಲಿ ಹೊಸ ಕಾನೂನು ಬಂದಿದೆ. ತಪ್ಪು ನಡೆದಿದೆ ಎಂದು ನಂಬಲು ಸರಿಯಾದ ಕಾರಣ ಇಲ್ಲದೆ ಬೋಟು ನಿಲ್ಲಿಸುವಂತಿಲ್ಲ, ಹತ್ತುವಂತಿಲ್ಲ. ಲೈಫ್ ಜಾಕೆಟ್ ಎಣಿಸುತ್ತೇವೆ ಅಂತ ಸುಮ್ನೆ ಬರುವ ಕಾಲ ಹೋಯಿತು.

ಬಾವುಟದ ವಿಷಯಕ್ಕೆ ಇದರಿಂದ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಯಾಕೆಂದರೆ ಈ ತಪ್ಪು ದೂರದಿಂದಲೇ ಕಾಣುತ್ತದೆ. ನೀರಿನಲ್ಲಿ ನಾಲ್ಕು ಸ್ನಾರ್ಕೆಲ್ ತುದಿ ಆಡುತ್ತಿವೆ, ಸುತ್ತ ಎಲ್ಲೂ ಬಾವುಟ ಇಲ್ಲ. ಆ ನೋಟವೇ ಕಾರಣ.

ಕೋಸ್ಟ್ ಗಾರ್ಡ್‌ಗೆ ರಾಜ್ಯದ ಈ ಕಾನೂನು ತಾಗುವುದಿಲ್ಲ. ತೆರೆದ ಕಡಲಿಗೆ ನೇರ ದಾರಿ ಇರುವ ನೀರಿನಲ್ಲಿ ದಾಖಲೆ ನೋಡಲು ಅನುಮಾನವೇ ಇಲ್ಲದೆ ಹಡಗು ಹತ್ತಬಹುದು ಎಂದು 1983ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವಿಲಾಮಾಂಟೆ-ಮಾರ್ಕೆಜ್ ಕೇಸಿನಲ್ಲಿ ಹೇಳಿತು. ಅದು ಕಸ್ಟಮ್ಸ್ ಅಧಿಕಾರಿಗಳ ಕೇಸು. ಕೋಸ್ಟ್ ಗಾರ್ಡ್‌ನ ಕಾಯ್ದೆಯೂ ಇಂಥದೇ ವಿಶಾಲ ಅಧಿಕಾರ ಕೊಡುತ್ತದೆ.

ಒಬ್ಬರಿಗೆ ಟಿಕೆಟ್, ಇನ್ನೊಬ್ಬರಿಗೆ ಬರೀ ಎಚ್ಚರಿಕೆ. ಇದೆಂಥ ನ್ಯಾಯ?

ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಬರುತ್ತದೆ. ಸಿಟ್ಟಿನಿಂದಲೇ ಬರುತ್ತದೆ.

ಬಾವುಟದ ತಪ್ಪು ಸಾಮಾನ್ಯವಾಗಿ ಕ್ರಿಮಿನಲ್ ಅಲ್ಲ, ದಂಡ ಕಟ್ಟಿ ಮುಗಿಯುವಂಥದ್ದು. ಇಂಥದಕ್ಕೆ ಟಿಕೆಟ್ ಬರೆಯಬೇಕೋ ಬುದ್ಧಿ ಹೇಳಿ ಬಿಡಬೇಕೋ ಅನ್ನುವುದು ಅಧಿಕಾರಿಗೆ ಬಿಟ್ಟದ್ದು. ಮೇಲಾಗಿ ದೂರದ ನಿಯಮಕ್ಕೆ 'ತಕ್ಕಷ್ಟು ಪ್ರಯತ್ನ' ಎಂಬ ಮಾತು ಅಂಟಿಕೊಂಡಿದೆ. 300 ಅಡಿಯನ್ನು ಟೇಪು ಹಿಡಿದು ಅಳೆಯುವವರು ಯಾರು? ಬಾವುಟ ತೇಲುತ್ತಿದೆ, ಬೋಟು ಓಡುತ್ತಿದೆ, ಅಧಿಕಾರಿಯ ಬೋಟೂ ಕುಣಿಯುತ್ತಿದೆ. ಕಣ್ಣಂದಾಜೇ ಗತಿ.

ಜುಲೈ ಕೊನೆಯ ಬುಧವಾರ, ಗುರುವಾರ ಎರಡು ದಿನ ಇಲ್ಲಿ ಲಾಬ್‌ಸ್ಟರ್ ಹಿಡಿಯುವ ಕಿರು ಸೀಸನ್. ಕೀಸ್‌ನ ನೀರಿನ ತುಂಬ ಬೋಟು, ತಲೆ, ಬಲೆ. ಒಬ್ಬ ಅಧಿಕಾರಿಯ ಎದುರಿಗೆ ಒಂದೇ ಹೊತ್ತಿಗೆ ಎರಡು ತಪ್ಪು ನಡೆಯುತ್ತವೆ ಅಂದುಕೊಳ್ಳಿ. ಒಂದು ಕಡೆ ಲಂಗರು ಹಾಕಿದ ಬೋಟು, ಬಾವುಟ ಇಲ್ಲ, ಒಂದು ಕುಟುಂಬ ಸ್ನಾರ್ಕೆಲ್ ಮಾಡುತ್ತಿದೆ. ಇನ್ನೊಂದು ಕಡೆ ಬೇರೆ ಬಾವುಟದ ಪಕ್ಕದಲ್ಲೇ ಮೂತಿ ಎತ್ತಿಕೊಂಡು ಹಾರಿಹೋದ ಬೋಟು. ಎರಡನೆಯದನ್ನು ಹಿಡಿಯಬೇಕಾದರೆ ಆ ಅಧಿಕಾರಿ ತಾನೂ ಡೈವರ್‌ಗಳ ನಡುವೆ ಜೋರಾಗಿ ಓಡಿಸಬೇಕು. ಹಿಡಿದರೂ 'ಎಷ್ಟು ಅಡಿ ದೂರ ಇತ್ತು' ಎಂಬ ವಾದ. ಮೊದಲನೆಯದು ಎಲ್ಲೂ ಓಡಿಹೋಗುವುದಿಲ್ಲ, ವಾದಕ್ಕೂ ಜಾಗ ಇಲ್ಲ. ಹಾಗಾಗಿ ಟಿಕೆಟ್ ಬೀಳುವುದು ನಿಂತವರಿಗೆ, ಜೀವ ತೆಗೆಯುವ ವೇಗದಲ್ಲಿ ಹೋದವರಿಗಲ್ಲ. ಬೇಕಂತಲೇ ಯಾರೂ ಹೀಗೆ ಮಾಡುವುದಿಲ್ಲ, ಸುಲಭದ ಕಡೆಗೆ ವಿವೇಚನೆ ವಾಲುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟ. ಬಾವುಟ ಎರಡು ಇಂಚು ಸಣ್ಣದು, ಕಡ್ಡಿ ಮುರಿದಿದೆ, ಇಳಿಸಲು ಮರೆತಿದ್ದಾರೆ, ಇಂಥದಕ್ಕೆಲ್ಲ ಬುದ್ಧಿ ಹೇಳಿ ಕಳಿಸಿದರೆ ಸಾಕು. ಬಾವುಟವೇ ಇಲ್ಲದೆ ಬೋಟು ಓಡಾಡುವ ಜಾಗದಲ್ಲಿ ಮಕ್ಕಳನ್ನು ಇಳಿಸಿದವರಿಗೆ ಟಿಕೆಟ್ ಕೊಟ್ಟರೆ ನಾನು ಬೇಡ ಅನ್ನುವುದಿಲ್ಲ. ಬಾವುಟದ ಸುತ್ತಲಿನ ವರ್ತುಲದೊಳಗೆ ಪೂರ್ತಿ ವೇಗದಲ್ಲಿ ಹೋದವರಿಗೆ ಮಾತ್ರ ಎಚ್ಚರಿಕೆ ಅನ್ನುವುದೇ ಇರಬಾರದು. ಅಳತೆ ಕಷ್ಟ ಅನ್ನುವ ನೆಪವೂ ಬೇಡ. ನಿಧಾನದ ಬೋಟು ನೀರಿನ ಮೇಲೆ ಸಮನಾಗಿ ಕೂತಿರುತ್ತದೆ, ಹಿಂದೆ ನೊರೆ ಇರುವುದಿಲ್ಲ. ಜೋರಿನ ಬೋಟು ಮೂತಿ ಎತ್ತಿರುತ್ತದೆ ಅಥವಾ ನೀರಿನ ಮೇಲೆ ಜಾರುತ್ತಿರುತ್ತದೆ, ಹಿಂದೆ ಬಿಳಿ ಗೆರೆ ಎಳೆದಿರುತ್ತದೆ. ಬಾವುಟದಿಂದ ಬರೀ ಐವತ್ತು ಅಡಿ ದೂರದಲ್ಲಿ ಆ ಬಿಳಿ ಗೆರೆ ಇದ್ದರೆ 300 ಅಡಿ ಅಳೆಯಬೇಕಾಗಿಲ್ಲ.

ಎದುರಿಗೇ ನೋಡಿದ್ರೂ ಪೊಲೀಸ್ ಏನೂ ಮಾಡಲಿಲ್ಲ. ಅವರ ಮೇಲೆ ಕೇಸು ಹಾಕಬಹುದಾ?

ಗೆಲ್ಲುವುದು ತುಂಬಾ ಕಷ್ಟ. 2005ರ ಕ್ಯಾಸಲ್ ರಾಕ್ ಕೇಸಿನಲ್ಲಿ ಒಬ್ಬ ತಾಯಿ, ಗಂಡನ ವಿರುದ್ಧ ಕೋರ್ಟಿನ ಆದೇಶ ಕೈಯಲ್ಲಿದ್ದರೂ, ಪೊಲೀಸರನ್ನು ಮತ್ತೆ ಮತ್ತೆ ಬೇಡಿಕೊಂಡರೂ ಅವರು ಕದಲಲಿಲ್ಲ. ಮೂವರು ಹೆಣ್ಣುಮಕ್ಕಳು ಕೊಲೆಯಾದರು. ಅಂಥ ಕೇಸಿನಲ್ಲೂ ಸುಪ್ರೀಂ ಕೋರ್ಟು, ಪೊಲೀಸರು ಕ್ರಮ ತೆಗೆದುಕೊಳ್ಳಲೇಬೇಕು ಎಂದು ಕೇಳುವ ಸಂವಿಧಾನದ ಹಕ್ಕು ಆಕೆಗಿಲ್ಲ ಎಂದಿತು. ಕಾನೂನಿನಲ್ಲಿ 'ಬಂಧಿಸಬೇಕು' ಎಂದಿದ್ದರೂ ಪೊಲೀಸರ ವಿವೇಚನೆ ಉಳಿದೇ ಇರುತ್ತದೆ ಅನ್ನುವುದು ತೀರ್ಪು. ಓದಿದಾಗ ಹೊಟ್ಟೆ ಉರಿಯುತ್ತದೆ. ಆದರೆ ಇರುವ ಕಾನೂನು ಇದು. ಡೈವ್ ಬಾವುಟದ ಮೇಲೆ ಬೇರೆ ಫಲ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ.

ನಮ್ಮ ಮುಖ ನೋಡಿಯೇ ನಿಲ್ಲಿಸಿದ್ರು ಅನ್ನಿಸುತ್ತೆ. ಹಾಗೆ ವಾದ ಮಾಡಬಹುದಾ?

'ಬೇರೆಯವರೂ ಮಾಡುತ್ತಿದ್ದರು' ಅನ್ನುವುದು ಒಂದು ಮಾತು, 'ನಮ್ಮ ಜನಾಂಗ ನೋಡಿ ಮಾಡಿದರು' ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ.

ಎರಡನೆಯದಕ್ಕೆ ಇದೆ. 1886ರ ಯಿಕ್ ವೋ ಕೇಸು ನೋಡಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮರದ ಕಟ್ಟಡದಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಲು ಅನುಮತಿ ಬೇಕಿತ್ತು. ಚೀನಾದಿಂದ ಬಂದ ಸುಮಾರು 200 ಜನರ ಅರ್ಜಿ ತಿರಸ್ಕಾರವಾಯಿತು. ಉಳಿದ 80ರಷ್ಟು ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಸಿಕ್ಕಿತು. ಕಾನೂನಿನ ಅಕ್ಷರದಲ್ಲಿ ಭೇದ ಇಲ್ಲದಿದ್ದರೂ, ಅದನ್ನು ನಡೆಸುವ ಕೈಯಲ್ಲಿ ಭೇದ ಇದ್ದರೆ ಅದು ಸಂವಿಧಾನಕ್ಕೆ ವಿರುದ್ಧ ಎಂದಿತು ಕೋರ್ಟು. 1996ರ ವ್ರೆನ್ ಕೇಸಿನಲ್ಲಿ ಮಾತ್ರ ಇನ್ನೊಂದು ಗೆರೆ ಎಳೆಯಿತು: ನಿಜವಾಗಿ ತಪ್ಪು ನಡೆದಿದ್ದರೆ, ಅಧಿಕಾರಿಯ ಮನಸ್ಸಿನಲ್ಲಿ ಬೇರೇನಿದ್ದರೂ ನಿಲ್ಲಿಸಿದ್ದು ಸರಿಯೇ. ಜನಾಂಗದ ದೂರು ಇದ್ದರೆ ಅದನ್ನು ಸಮಾನತೆಯ ಹಕ್ಕಿನ ಹೆಸರಿನಲ್ಲಿ ತರಬೇಕು.

ಅದಕ್ಕೆ ಸಾಕ್ಷಿ ಬೇಕು. ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ತಪ್ಪು ಮಾಡಿದ ಬೇರೆಯವರನ್ನು ಬಿಟ್ಟರು ಅನ್ನುವುದಕ್ಕೆ ವಿಡಿಯೋ, ಬೋಟಿನ ನಂಬರು, ಕಂಡವರ ಹೇಳಿಕೆ. ಬೋಟಿನ ಮೇಲೆ ನಿಂತು ವಾದ ಮಾಡುವುದರಿಂದ ಏನೂ ಸಿಗದು. ಟಿಕೆಟ್‌ಗೆ ಸಹಿ ಹಾಕಿ, ಆಮೇಲೆ ಲಿಖಿತ ದೂರು ಕೊಡಿ. ಬೇಕಂತಲೇ ಸಹಿ ಹಾಕದೆ ಹಟ ಹಿಡಿದರೆ ಅದೇ ಒಂದು ಕ್ರಿಮಿನಲ್ ಅಪರಾಧವಾಗುತ್ತದೆ. ಸಹಿ ಹಾಕಿದರೆ ತಪ್ಪು ಒಪ್ಪಿಕೊಂಡ ಹಾಗಲ್ಲ. ಕೌಂಟಿ ಕೋರ್ಟಿನಲ್ಲಿ ವಿಚಾರಣೆ ಕೇಳುವ ಹಕ್ಕು ಇದ್ದೇ ಇರುತ್ತದೆ.

ಎಚ್-1ಬಿ ಮೇಲಿದ್ದೀನಿ. ಟಿಕೆಟ್ ಬಂದ್ರೆ ವೀಸಾಗೆ ತೊಂದರೆನಾ?

ಬರೀ ಬಾವುಟದ ಟಿಕೆಟ್ ಫ್ಲೋರಿಡಾದಲ್ಲಿ ಕ್ರಿಮಿನಲ್ ಅಲ್ಲದ ತಪ್ಪು. ದಂಡ ಕಟ್ಟಿ ರಸೀದಿ ಜೋಪಾನ ಮಾಡಿ, ಮುಂದೆ ಯಾವ ಫಾರಮ್ಮಿನಲ್ಲಿ ಕೇಳಿದರೂ ಮುಚ್ಚಿಡಬೇಡಿ. ಅಪಘಾತ, ಬಂಧನ, ಕುಡಿದು ಓಡಿಸಿದ ಆರೋಪ ಇದ್ದರೆ ಲೆಕ್ಕವೇ ಬೇರೆ. ಆಗ ದಂಡ ಕಟ್ಟುವ ಮೊದಲೇ ವಲಸೆ ವಿಷಯದ ವಕೀಲರ ಹತ್ತಿರ ಹೋಗಿ.

## ಇನ್ನೂ ಆಳದ ಪ್ರಶ್ನೆಗಳು

ಡೈವರ್‌ಗೆ ಬೋಟು ಬಡಿದ್ರೆ ಆಗಲೂ ಬರೀ ದಂಡವಾ?

ಅಲ್ಲ. ಬೋಟು ಓಡಿಸುವವರು ಗಮನದಲ್ಲಿಡಬೇಕಾದ ಸಂಗತಿಗಳ ಪಟ್ಟಿ ಫ್ಲೋರಿಡಾದ 327.33ನೇ ಸೆಕ್ಷನ್‌ನಲ್ಲಿದೆ. ಅದರಲ್ಲಿ ಡೈವ್ ಬಾವುಟದ ಹೆಸರೇ ಇದೆ. ಅಜಾಗರೂಕತೆಯಾದರೆ ದಂಡ. ಗೊತ್ತಿದ್ದೂ ಗೊತ್ತಿದ್ದೂ ಜೀವದ ಪರಿವೆ ಇಲ್ಲದೆ ಓಡಿಸಿದರೆ ಕ್ರಿಮಿನಲ್ ಅಪರಾಧ. ಹಾಗೆ ಓಡಿಸಿ ಸಾವಾದರೆ ಬೋಟಿನಿಂದಾದ ನರಹತ್ಯೆ, 15 ವರ್ಷದವರೆಗೂ ಜೈಲು ಆಗಬಹುದು.

ಬಾವುಟ ಇತ್ತೋ ಇಲ್ಲವೋ ಅನ್ನುವುದು ಇಲ್ಲಿ ಬಹಳ ತೂಕದ ಪ್ರಶ್ನೆ. ಇಲ್ಲದಿದ್ದರೆ ಬೋಟಿನವರ ವಕೀಲರು ಮೊದಲು ಹಿಡಿಯುವುದೇ ಅದನ್ನು. ಪರಿಹಾರದ ಕೇಸಿನಲ್ಲೂ ನಿಮ್ಮ ಪಾಲಿನ ತಪ್ಪು ಎಂದು ತೂಗುತ್ತಾರೆ.

ಬಾವುಟ ಇದ್ದು, ಜಾಗವೂ ಡೈವರ್‌ಗಳಿಗೇ ಮೀಸಲಿದ್ರೆ ಭಯ ಇಲ್ಲ ಅಲ್ವಾ?

ಇದೆ. 2000ದ ಡಿಸೆಂಬರ್ 18ರಂದು ಮೆಕ್ಸಿಕೋದ ಕೊಜುಮೆಲ್‌ನಲ್ಲಿ ಬ್ರಿಟನ್ನಿನ ಗಾಯಕಿ ಕರ್ಸ್ಟಿ ಮ್ಯಾಕಾಲ್ ಮಕ್ಕಳ ಜೊತೆ ಡೈವ್ ಮಾಡಿ ಮೇಲೆ ಬರುತ್ತಿದ್ದರು. ಅದು ಡೈವರ್‌ಗಳಿಗೆ ಮೀಸಲಾದ ನೀರು. ವೇಗದ ಬೋಟು ನುಗ್ಗಿ ಬಂತು. ಮಗನನ್ನು ದಾರಿಯಿಂದ ತಳ್ಳಿ ಆಕೆ ಸತ್ತರು. ಬೋಟು ಒಬ್ಬ ದೊಡ್ಡ ವ್ಯಾಪಾರಿಯದು, ಅವರೂ ಅದರಲ್ಲಿದ್ದರು. ಓಡಿಸುತ್ತಿದ್ದವನು ನಾನು ಎಂದು ಅವರ ಕೆಲಸಗಾರ ಹೇಳಿದ. ಅವನಿಗೆ 2 ವರ್ಷ 10 ತಿಂಗಳ ಶಿಕ್ಷೆ ಆಯಿತು. ಅಲ್ಲಿನ ಕಾನೂನಿನಂತೆ ಅದರ ಬದಲು ಸಾವಿರ ಪೆಸೊ ಚಿಲ್ಲರೆ ದಂಡ ಕಟ್ಟಿ ಹೊರಬಂದ. ನ್ಯಾಯಕ್ಕಾಗಿ ಆಕೆಯ ಮನೆಯವರು ವರ್ಷಗಟ್ಟಲೆ ಹೋರಾಡಿದರು.

ಕೊಜುಮೆಲ್‌ನಲ್ಲಿ ನಿಯಮ ಇತ್ತು. ಅದನ್ನು ಆ ಬೋಟಿಗೆ ಆ ದಿನ ಹೇಳುವವರು ಇರಲಿಲ್ಲ. ಮೇಲೆ ಬರುವಾಗ ಒಂದು ಕೈ ತಲೆಯ ಮೇಲೆತ್ತಿ, ಸುತ್ತ ತಿರುಗಿ ನೋಡುತ್ತಾ, ಆದಷ್ಟು ಬಾವುಟದ ದಾರದ ಪಕ್ಕದಲ್ಲೇ ಬನ್ನಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಬಾವುಟದ ಹತ್ತಿರ ಜೋರಾಗಿ ಹೋದ ಬೋಟಿನ ಮೇಲೆ ದೂರು ಕೊಡೋದು ಹೇಗೆ?

ಜೀವಕ್ಕೆ ಅಪಾಯ ಇದ್ದರೆ ರೇಡಿಯೋದ 16ನೇ ಚಾನಲ್. ಇಲ್ಲದಿದ್ದರೆ ಎಫ್‌ಡಬ್ಲ್ಯುಸಿಯ 888-404-3922 ನಂಬರು.

ದೂರು ಹೇಗಿರುತ್ತದೋ ವಿವೇಚನೆಯೂ ಹಾಗೆ ನಡೆಯುತ್ತದೆ. 'ಒಂದು ಬಿಳಿ ಬೋಟು ಜೋರಾಗಿ ಹೋಯ್ತು' ಅಂದರೆ ಅಧಿಕಾರಿ ಏನು ಮಾಡಿಯಾರು? ಬೋಟಿನ ಪಕ್ಕದಲ್ಲಿ ಎಫ್‌ಎಲ್ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಅದು, ಸಮಯ, ಜಿಪಿಎಸ್‌ನಲ್ಲಿ ಜಾಗ, ಮೂತಿ ಮೇಲಿತ್ತೋ ಕೆಳಗಿತ್ತೋ, ಹಿಂದೆ ನೊರೆ ಇತ್ತೋ, ನೀರಿನಲ್ಲಿ ಎಷ್ಟು ಜನ ಇದ್ದರು. ಬಾವುಟ ಮತ್ತು ಬೋಟು ಒಂದೇ ಚೌಕಟ್ಟಿನಲ್ಲಿ ಬರುವ ವಿಡಿಯೋ ಇದ್ದರೆ ಇನ್ನೂ ಗಟ್ಟಿ. ನಮ್ಮ ಗುಂಪು ಕೆಳಗಿದ್ದಾಗ ಬೋಟಿನಲ್ಲಿ ಉಳಿದವರ ಕೈಗೆ ಫೋನ್ ಕೊಟ್ಟು ಇದನ್ನೇ ಹೇಳಿರುತ್ತೇವೆ.

ನೇತ್ರಾಣಿಯಲ್ಲಿ ಈ ನಿಯಮ ನಡೆಯುತ್ತಾ?

ಫ್ಲೋರಿಡಾದ 300 ಅಡಿ ಫ್ಲೋರಿಡಾಕ್ಕೆ ಮಾತ್ರ. ಆದರೆ ಡಿಕ್ಕಿ ತಡೆಯುವ ಅಂತರರಾಷ್ಟ್ರೀಯ ನಿಯಮಗಳನ್ನು ಭಾರತವೂ ಒಪ್ಪಿದೆ. ಅವು ಕಡಲಿನಲ್ಲಿರುವ ಎಲ್ಲ ಹಡಗು, ದೋಣಿಗಳಿಗೂ ಅನ್ವಯ. 27ನೇ ನಿಯಮದ ಪ್ರಕಾರ ಡೈವಿಂಗ್ ನಡೆಸುವ ಸಣ್ಣ ಬೋಟು ಕನಿಷ್ಠ ಒಂದು ಮೀಟರ್ ಎತ್ತರದ, ಮಡಚಿಕೊಳ್ಳದ ಆಲ್ಫಾ ಬಾವುಟವನ್ನು ಸುತ್ತಲೂ ಕಾಣುವಂತೆ ತೋರಿಸಬೇಕು. ರಾತ್ರಿಯಾದರೆ ಮೇಲಿಂದ ಕೆಳಕ್ಕೆ ಕೆಂಪು, ಬಿಳಿ, ಕೆಂಪು ದೀಪ. 12 ಮೀಟರ್‌ಗಿಂತ ಚಿಕ್ಕ ಬೋಟುಗಳಿಗೆ ಆ ನಿಯಮದ ಗುರುತುಗಳಿಂದ ವಿನಾಯಿತಿ ಇದೆ, ಡೈವಿಂಗ್ ಬೋಟಿಗೆ ಮಾತ್ರ ಇಲ್ಲ. ಮುರ್ಡೇಶ್ವರದಿಂದ ಹೊರಡುವ ಬೋಟು ಎಷ್ಟೇ ಚಿಕ್ಕದಿರಲಿ, ಬಾವುಟ ಬೇಕೇ ಬೇಕು. ಹತ್ತುವ ಮುಂಚೆ 'ಅಣ್ಣ, ಬಾವುಟ ಎಲ್ಲಿದೆ?' ಅಂತ ಕೇಳಿ.

ಜೀವಕ್ಕೆ ಅಪಾಯ ಆಗುವಂತೆ ದುಡುಕಿನಿಂದ ಬೋಟು ಓಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 282ನೇ ಸೆಕ್ಷನ್ ಇದೆ. ಆರು ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನೋಡಿಕೊಳ್ಳಲು ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸರು, ಕೋಸ್ಟ್ ಗಾರ್ಡ್ ಇದ್ದಾರೆ.

ನಮ್ಮ ಕರಾವಳಿಗೂ ಇಂಥ ಕಾನೂನು ಬರೆದ್ರೆ ಫ್ಲೋರಿಡಾದಿಂದ ಏನು ತಗೋಬೇಕು, ಏನು ಬಿಡಬೇಕು?

ಎರಡೂ ಕಡೆಯವರಿಗೆ ಹೊಣೆ ಹಂಚುವ ರೀತಿ ತೆಗೆದುಕೊಳ್ಳಬೇಕು. ಡೈವರ್ ಬಾವುಟದ ಹತ್ತಿರ ಇರಬೇಕು, ಬೋಟಿನವರು ನಿಧಾನ ಹೋಗಬೇಕು, ಕೆಲಸ ಮುಗಿದ ಮೇಲೆ ಬಾವುಟ ಇಳಿಸಬೇಕು. ಸ್ನಾರ್ಕೆಲ್ ಮಾಡುವವರನ್ನೂ ಸೇರಿಸಿದ್ದು ಜಾಣತನ, ನಮ್ಮಲ್ಲೂ ನೀರಿಗಿಳಿಯುವವರಲ್ಲಿ ಬಹಳ ಮಂದಿ ಅವರೇ.

ಕಣ್ಣಂದಾಜಿನ ಅಳತೆಯನ್ನು ಬಿಡಬೇಕು. ನೇತ್ರಾಣಿ ಒಂದು ಪುಟ್ಟ ದ್ವೀಪ, ಡೈವ್ ಮಾಡುವ ಜಾಗಗಳೂ ಗೊತ್ತಿರುವಂಥವೇ. ಅಲ್ಲಿ ನೀರಿನಲ್ಲೇ ಬೂಯಿ ನೆಟ್ಟು ಗಡಿ ತೋರಿಸಿದರೆ 'ಇಲ್ಲಿಂದ ಒಳಗೆ ನಿಧಾನ' ಅನ್ನುವುದು ಬೋಟು ನಡೆಸುವ ತಾಂಡೇಲನಿಗೂ ಕಾಣುತ್ತದೆ, ಪೊಲೀಸರಿಗೂ ಕಾಣುತ್ತದೆ, ವಾದಕ್ಕೆ ಎಡೆ ಇರುವುದಿಲ್ಲ. ಗಡಿ ಎಲ್ಲಿ ಅನ್ನುವುದನ್ನು ಮೀನುಗಾರರ ಜೊತೆ ಕೂತು ಗೊತ್ತು ಮಾಡಬೇಕು, ಆ ಕಡಲು ಮೊದಲು ಅವರ ಅನ್ನದ ಜಾಗ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಬೋಟುಗಳೆಲ್ಲ ಬಂದರಿನಲ್ಲಿ ಇರುತ್ತವೆ. ಬಂದರಿಗೇ ಹೋಗಿ ತಾಂಡೇಲರಿಗೆ ಆಲ್ಫಾ ಬಾವುಟ ತೋರಿಸಿ, ಅದರ ಅರ್ಥ ಹೇಳಿ, ಪ್ರತಿ ಬೋಟಿನ ಕ್ಯಾಬಿನ್‌ಗೂ ಅದರ ಒಂದೊಂದು ಚಿತ್ರ ಅಂಟಿಸಲು ಆ ಎರಡು ತಿಂಗಳು ಸಾಕು.